ಹಿಡಿದುಕೊಂಡ ತಪ್ಪಿಗೆ

ಜನವರಿ ೧೧

ಜಾಕಿ ಎಂದು ಕರೆಸಿಕೊಳ್ಳುವವರಿಗೆ,

ಗೆದ್ದವಳು ಸೋತವಳಿಗೆ ಪತ್ರ ಬರೆಯುವ ಪದ್ಧತಿ ಎಲ್ಲೂ ಇಲ್ಲ, ಅದು ನನಗೂ ಗೊತ್ತು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ. ನಾಳೆ ನೀವು "ನಾನೆಲ್ಲಿ ಹಾಗಂದೆ?" ಎಂದು ಕೈ ತೊಳೆದುಕೊಂಡರೆ ನಾನು ಯಾರನ್ನು ಕೇಳಲಿ? ಹಾಗಾಗಿ ಉತ್ತರವನ್ನೂ ಬರೆದೇ ಕಳಿಸಿ, ಕೆಳಗೆ ಸಹಿ ಇರಲಿ.

ವಿಷಯ ನಮ್ಮ ಆಯ್ಕೆ ಪಂದ್ಯದ್ದು. ಮೊದಲೆರಡು ಸುತ್ತಿನಲ್ಲಿ ನಾನು ಮುಂದಿದ್ದೆ, ಅದನ್ನು ಯಾರೂ ಅಲ್ಲಗಳೆಯುವ ಹಾಗಿಲ್ಲ. ಮೂರನೆಯದರಲ್ಲಿ ನಿಮ್ಮ ಬಲಗೈ ನನ್ನ ಕಿವಿಯ ಮುಂದೆ, ಹಣೆಯ ಪಕ್ಕಕ್ಕೆ ಬಿತ್ತು. ಅಲ್ಲಿಂದಾಚೆ ನನಗೆ ನೆನಪಿಲ್ಲ. ರೆಫರಿ ನನ್ನ ಕೈ ಎತ್ತಿ ಗೆದ್ದವಳು ಇವಳು ಎಂದದ್ದು ನೆನಪಿದೆ. ನಡುವೆ ಏನಾಯಿತು ಎಂಬುದನ್ನು ಗೆಳತಿಯ ಮೊಬೈಲಿನಲ್ಲಿ ನೋಡಿ ತಿಳಿದುಕೊಂಡೆ. ನಾನು ಕೈ ಇಳಿಬಿಟ್ಟುಕೊಂಡು ನಿಂತಿದ್ದೇನೆ. ನೀವು ಇನ್ನೊಂದು ಏಟು ಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಾಕಲಿಲ್ಲ. ಹಿಂದೆ ಸರಿದು ರೆಫರಿಯತ್ತ ನೋಡಿದಿರಿ. ನನ್ನ ಬೆನ್ನ ಹಿಂದಿದ್ದ ಅವರು "ಬಾಕ್ಸ್!" ಎಂದು ಕೂಗಿದರು, ಅಂದರೆ ಆಡಿ ಎಂದು. ನೀವು ಬಂದು ನನ್ನನ್ನು ತಬ್ಬಿ ಹಿಡಿದುಕೊಂಡಿರಿ. ಬಿಡಿಸಿದರೆ ಮತ್ತೆ ಹಿಡಿದುಕೊಂಡಿರಿ. ಹಿಡಿದುಕೊಂಡ ತಪ್ಪಿಗೆ ನಿಮ್ಮ ಅಂಕ ಕಳೆದರು, ನಾನು ಗೆದ್ದೆ. ಮಾರ್ಚಿನಲ್ಲಿ ತಂಡದ ಜೊತೆ ಹೊರಡುವವಳು ನಾನು, ರಿಸರ್ವ್ ನೀವು.

ಯಾಕೆ? ನೀವು ನನಗೆ ನೆಂಟರಲ್ಲ, ಇಷ್ಟರಲ್ಲ. ನಮ್ಮ ಕೋಚ್ ಹೇಳುತ್ತಾರೆ, "ಪುಕ್ಕಟೆ ಸಿಕ್ಕಿದ್ದಕ್ಕೇ ಆಮೇಲೆ ಜಾಸ್ತಿ ಬೆಲೆ ತೆರಬೇಕಾಗುತ್ತೆ ಕಣೇ, ಹುಷಾರು."

ಇನ್ನೊಂದು. ಏನೂ ನೆನಪಿಲ್ಲ ಎಂದೆನಲ್ಲ, ಒಂದು ಮಾತು ನೆನಪಿದೆ. ಕಿವಿಯ ಹತ್ತಿರವೇ ಯಾರೋ "ಬಿಡು" ಎಂದರು. ನೀವೇ ಇರಬೇಕು. ಏನು ಬಿಡಬೇಕು ನಾನು? ಆಟವನ್ನೇ? ಬೆಳಿಗ್ಗೆ ಕಾರ್ಖಾನೆಯಲ್ಲಿ ರಟ್ಟಿನ ಬಾಕ್ಸ್ ಕಟ್ಟಿ, ಸಂಜೆ ಬಾಕ್ಸಿಂಗ್ ಆಡುವವಳು ನಾನು. ಬಾಕ್ಸ್ ಬಿಟ್ಟರೆ ನನಗೆ ಬೇರೆ ಬದುಕೇ ಇಲ್ಲ. ಬಿಡುವ ಮಾತು ನನ್ನ ಹತ್ತಿರ ಬೇಡ.

ಪಟಾಕಿ

*

ಜನವರಿ ೧೯

ಪಟಾಕಿಗೆ,

ನಿನ್ನ ಪತ್ರ ಮೊದಲು ನಮ್ಮ ಮಾವನವರ ಕೈಗೆ ಸಿಕ್ಕಿತು. ಟೈರ್ ಅಂಗಡಿಗೆ ಪತ್ರ ಬಂದರೆ ಅದು ನೋಟಿಸೇ ಎಂದು ಅವರ ನಂಬಿಕೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಅಲ್ಲಮ್ಮಾ, ಸೋತವಳಿಗೂ ಸಮಾಧಾನ ಇಲ್ಲ, ಗೆದ್ದವಳಿಗೂ ಸಮಾಧಾನ ಇಲ್ಲ. ಮತ್ಯಾಕೆ ಆಡ್ತೀರಿ ಇದನ್ನ?" ಎಂದರು.

ದೊಡ್ಡ ವಿಷಯವೇನಿಲ್ಲ. ನನ್ನ ಹೆಗಲು ಹಿಡಿದುಕೊಂಡಿತ್ತು. ಲಾರಿ ಟೈರ್ ಬಿಚ್ಚಿ ಬಿಚ್ಚಿ ಬಂದ ನೋವು. ಲಾರಿ ಎತ್ತುವ ಜಾಕಿಯ ಹೆಸರು ನನಗೆ ಸುಮ್ಮನೆ ಬಂದದ್ದಲ್ಲ. ಕೈ ಎತ್ತಲಾಗಲಿಲ್ಲ, ತಬ್ಬಿಕೊಂಡೆ, ಅಷ್ಟೆ. ಗೆದ್ದಿದ್ದೀಯ, ಖುಷಿಯಾಗಿರು.

ತಲೆ ಹೇಗಿದೆ? ವಾಂತಿ ಬಂದ ಹಾಗಾಗುತ್ತದೆಯೇ? ಒಮ್ಮೆ ಡಾಕ್ಟರಿಗೆ ತೋರಿಸು. ಮಾತ್ರೆ ಕೊಟ್ಟು ಕಳಿಸುವ ಡಾಕ್ಟರಿಗಲ್ಲ, ತಲೆಯ ಸ್ಕ್ಯಾನ್ ಮಾಡುವ ದೊಡ್ಡ ಆಸ್ಪತ್ರೆಯಲ್ಲಿ ತೋರಿಸು. ಹೋಗಿ ಬಂದು ಬರೆ.

ಜಾಕಿ

*

ಜನವರಿ ೨೬

ಜಾಕಿಯವರಿಗೆ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಯಾಕೆ ಎಂದು ಕೇಳಿದ ಕೂಡಲೇ ನಿಮಗೂ ಹೆಗಲೇ ನೆನಪಾಯಿತು ನೋಡಿ! ಆ ವಿಡಿಯೊ ಮತ್ತೆ ಹಾಕಿಸಿ ನೋಡಿದೆ. ಎತ್ತಲಾಗದ ಆ ಕೈಯಲ್ಲೇ ನನ್ನ ಇಡೀ ಭಾರ ಹೊತ್ತುಕೊಂಡು ನಿಂತಿದ್ದೀರಿ. ಹೆಗಲು ನೋಯುವವರು ಹಾಗೆ ನಿಲ್ಲುವುದಿಲ್ಲ.

ಈಗ ನನಗೆ ಅರ್ಥವಾಯಿತು. ತಲೆ ಹೇಗಿದೆ, ವಾಂತಿ ಬರುತ್ತದೆಯೇ, ದೊಡ್ಡ ಆಸ್ಪತ್ರೆಗೆ ಹೋಗು. ಅಬ್ಬಬ್ಬಾ, ಏನು ಕಾಳಜಿ! ಡಾಕ್ಟರು "ಇವಳು ಆಡುವ ಹಾಗಿಲ್ಲ" ಎಂದುಬಿಟ್ಟರೆ ನನ್ನ ಜಾಗಕ್ಕೆ ಹೋಗುವವರು ಯಾರು? ರಿಸರ್ವ್. ರಿಸರ್ವ್ ಯಾರು? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ತಿಳಿಯದಷ್ಟು ಎಳೆಯವಳಲ್ಲ ನಾನು.

ನನ್ನ ತಲೆ ಚೆನ್ನಾಗಿದೆ. ಕಾರ್ಖಾನೆಯಲ್ಲಿ ಹೊಸ ದೀಪ ಹಾಕಿದ್ದಾರೆ, ಅದು ಕಣ್ಣಿಗೆ ಚುಚ್ಚುತ್ತದೆ. ಉಳಿದವರು ಹೇಗೆ ಸುಮ್ಮನಿದ್ದಾರೋ ಗೊತ್ತಿಲ್ಲ. ಅಂಟಿನ ವಾಸನೆಗೆ ಹೊಟ್ಟೆ ತೊಳಸುತ್ತದೆ, ಅದು ಮೊದಲೂ ಸ್ವಲ್ಪ ಇತ್ತು. ಮೊನ್ನೆ ನಾನು ಒಂದು ಸಾಲು ಬಾಕ್ಸಿಗೆ ತಳಕ್ಕೂ ಪಿನ್ನು, ಬಾಯಿಗೂ ಪಿನ್ನು ಹೊಡೆದುಬಿಟ್ಟಿದ್ದೆನಂತೆ. ಸೂಪರ್‌ವೈಸರ್ ಎಲ್ಲರೆದುರು, "ಇದರೊಳಗೆ ಏನಮ್ಮ ತುಂಬೋದು, ನಿನ್ನ ತಲೆನಾ?" ಎಂದರು. ನಾನು ಹೊಡೆದದ್ದಲ್ಲ ಅದು. ಯಾರೋ ಬೇಕೆಂದೇ ನನ್ನ ಸಾಲಿಗೆ ಕೈಹಾಕಿದ್ದಾರೆ. ಗೆದ್ದವಳ ಮೇಲೆ ಎಲ್ಲರ ಕಣ್ಣು.

ಪಟಾಕಿ

*

ಫೆಬ್ರವರಿ ೨

ಪಟಾಕಿಗೆ,

ಹೆಗಲಿನದು ಸುಳ್ಳು, ಒಪ್ಪಿಕೊಂಡೆ. ಆದರೆ ನೀನು ಹಾಕಿದ ಲೆಕ್ಕವೂ ತಪ್ಪು. ನಿನ್ನ ಜಾಗ ಕಿತ್ತುಕೊಳ್ಳಬೇಕೆಂದಿದ್ದರೆ ಅವತ್ತೇ ಇನ್ನೊಂದು ಹಾಕಿ ಕಿತ್ತುಕೊಳ್ಳುತ್ತಿದ್ದೆ. ಆಸ್ಪತ್ರೆ ಸುತ್ತಿಸಿ ಯಾಕೆ ಕಿತ್ತುಕೊಳ್ಳಲಿ?

ಜಾಗದ ಮೇಲೆ ಆಸೆ ಇಲ್ಲ ಎಂದು ಮಾತ್ರ ಹೇಳಲಾರೆ. ಇದೆ. ಮುಂದಿನ ಆಯ್ಕೆಯ ಹೊತ್ತಿಗೆ ನನ್ನ ವಯಸ್ಸು ಮೀರಿರುತ್ತದೆ. ಟೈರಿಗೆ ಗಾಳಿ ತುಂಬುವಾಗಲೂ ನನಗೆ ಅದೇ ಯೋಚನೆ. ಮಾವನವರು ನಾನು ಹೋಗುತ್ತೇನೆಂದು ನಂಬಿಕೊಂಡು ಒಂದು ಹೊಸ ಸೂಟ್‌ಕೇಸನ್ನೇ ತಂದಿಟ್ಟಿದ್ದರು.

ಅವತ್ತು ನಿನ್ನ ಕಣ್ಣು ತೆರೆದಿತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಕಾಲು ಮಾತ್ರ ಅಭ್ಯಾಸಬಲದಿಂದ ನಿಂತಿತ್ತು. ರೆಫರಿಗೆ ನಿನ್ನ ಬೆನ್ನು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಬಾಯಲ್ಲಿ ಹಲ್ಲಿನ ಗಾರ್ಡ್ ಕಚ್ಚಿಕೊಂಡೇ ಕೂಗಿದೆ, ಆ ಗಲಾಟೆಯಲ್ಲಿ ಅವರಿಗೆ ಕೇಳಲಿಲ್ಲ. ನಾನು ಬಿಟ್ಟಿದ್ದರೆ ನೀನು ನೇರ ಹಿಂದಕ್ಕೆ ಬೀಳುತ್ತಿದ್ದೆ. ಅದಕ್ಕೆ ಹಿಡಿದುಕೊಂಡೆ.

"ಬಿಡು" ಎಂದದ್ದು ನಾನಲ್ಲ. ಅದರ ಬಗ್ಗೆ ಇನ್ನು ಕೇಳಬೇಡ.

ದೀಪ ಕಣ್ಣಿಗೆ ಚುಚ್ಚುವುದು ದೀಪದ ತಪ್ಪಲ್ಲ, ಹೊಟ್ಟೆ ತೊಳಸುವುದು ಅಂಟಿನ ತಪ್ಪೂ ಅಲ್ಲ. ಕೋಚ್‌ಗೆ ಹೇಳಬೇಡ, ಸೂಪರ್‌ವೈಸರಿಗೂ ಬೇಡ. ಸುಮ್ಮನೆ ಒಬ್ಬಳೇ ಆಸ್ಪತ್ರೆಗೆ ಹೋಗಿ ಬಾ.

ಜಾಕಿ

*

ಫೆಬ್ರವರಿ ೯

ಜಾಕಿಯವರಿಗೆ,

ಕೇಳಬೇಡ ಎಂದರೆ ಕೇಳುವ ಜಾತಿ ನನ್ನದು. ನಾನು ಹುಟ್ಟಿದ ಕೂಡಲೇ ಒಮ್ಮೆ ಅತ್ತೆನಂತೆ, ನರ್ಸು ಸುಮ್ಮನಿರು ಎಂದದ್ದಕ್ಕೆ ಇನ್ನೊಮ್ಮೆ ಅತ್ತೆನಂತೆ. ನೀವು ಹೇಳಲಿಲ್ಲ, ರೆಫರಿ ದೂರ ಇದ್ದರು. ಹಾಗಾದರೆ ನನ್ನ ಕಿವಿಯಲ್ಲಿ ಹೇಳಿದ್ದು ದೆವ್ವವೇ?

ಕೋಚ್ ಹತ್ತಿರ ನಿಮ್ಮ ವಿಷಯ ಎತ್ತಿದೆ. ಅವರು ನಕ್ಕರು. "ರಿಂಗಲ್ಲಿ ಒಂದು ಗಳಿಗೆ ಕನಿಕರ ಬಂತು, ಕೆಳಗಿಳಿದ ಮೇಲೆ ಹೊಟ್ಟೆ ಉರಿ ಶುರುವಾಯ್ತು. ಅಷ್ಟೇ ಕಣೇ" ಎಂದರು. ನೀವು ಕಳೆದ ವಾರ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಂಡ ಸುದ್ದಿಯೂ ಅವರಿಗೆ ಬಂದಿದೆ. ಹೋಗದವರಿಗೆ ಪಾಸ್‌ಪೋರ್ಟ್ ಯಾಕೆ? ಒಬ್ಬಳೇ ಹೋಗು, ಯಾರಿಗೂ ಹೇಳಬೇಡ ಎಂಬ ಉಪದೇಶ ಯಾಕೆ? ಒಳ್ಳೆಯ ಮಾತಾದರೆ ಎಲ್ಲರೆದುರು ಹೇಳಬಹುದಲ್ಲ!

ನನಗೆ ನಿದ್ದೆ ಬರುವುದಿಲ್ಲ ಎಂದುಕೊಂಡಿರಬೇಕು ನೀವು. ಊಟದ ಡಬ್ಬಿ ಮುಂದಿಟ್ಟುಕೊಂಡರೆ ಕೂತಲ್ಲೇ ನಿದ್ದೆ ಬರುತ್ತದೆ, ಅಷ್ಟು ಆರಾಮಾಗಿದ್ದೇನೆ.

ಪಟಾಕಿ

*

ಫೆಬ್ರವರಿ ೧೧

ಜಾಕಿಯವರಿಗೆ,

ನಿಮ್ಮ ಪತ್ರಕ್ಕೆ ಉತ್ತರ ಬರೆಯುವುದು ತಡವಾಯಿತು. ಕೇಳಬೇಡ ಎಂದರೆ ಕೇಳುವ ಜಾತಿ ನನ್ನದು. ನಾನು ಹುಟ್ಟಿದ ಕೂಡಲೇ ಒಮ್ಮೆ ಅತ್ತೆನಂತೆ, ನರ್ಸು ಸುಮ್ಮನಿರು ಎಂದದ್ದಕ್ಕೆ ಇನ್ನೊಮ್ಮೆ ಅತ್ತೆನಂತೆ. ನೀವು ಹೇಳಲಿಲ್ಲ, ರೆಫರಿ ದೂರ ಇದ್ದರು. ಹಾಗಾದರೆ ನನ್ನ ಕಿವಿಯಲ್ಲಿ ಹೇಳಿದ್ದು ದೆವ್ವವೇ?

ನಿಮ್ಮ ವಿಷಯವನ್ನು ಒಮ್ಮೆ ಕೋಚ್ ಹತ್ತಿರ ಎತ್ತಬೇಕು ಎಂದುಕೊಂಡಿದ್ದೇನೆ. ನಾಳೆ ಎತ್ತುತ್ತೇನೆ. ಅವರು ನಿಮ್ಮ ಬಣ್ಣ ಬಯಲು ಮಾಡದೆ ಬಿಡುವುದಿಲ್ಲ, ನೋಡುತ್ತಿರಿ.

ಪಟಾಕಿ

*

ಫೆಬ್ರವರಿ ೧೭

ಹುಡುಗಿ,

ನಿನ್ನ ಎರಡು ಪತ್ರ ಒಟ್ಟಿಗೆ ಬಂದವು. ಮೊದಲನೆಯದನ್ನು ಓದಿ ಸಿಟ್ಟು ಬಂತು. ಎರಡನೆಯದನ್ನು ಓದಿ, ಮೊದಲನೆಯದನ್ನು ಮತ್ತೆ ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಒಂಬತ್ತನೇ ತಾರೀಖು ಬರೆದದ್ದನ್ನೇ ಹನ್ನೊಂದನೇ ತಾರೀಖು ಮತ್ತೆ ಬರೆದಿದ್ದೀಯ. ಅದೇ ನರ್ಸು, ಅದೇ ದೆವ್ವ. ಕೋಚ್ ಹತ್ತಿರ ಮಾತಾಡಿದೆ ಎಂದು ಮೊದಲನೆಯದರಲ್ಲಿದೆ, ನಾಳೆ ಮಾತಾಡುತ್ತೇನೆ ಎಂದು ಎರಡನೆಯದರಲ್ಲಿದೆ. ಎರಡನ್ನೂ ಇದರ ಜೊತೆ ಇಟ್ಟಿದ್ದೇನೆ. ನಿನ್ನದೇ ಅಕ್ಷರ, ನೀನೇ ನೋಡಿಕೋ.

ನಮ್ಮ ಅಂಗಡಿಗೆ ಬರುವ ಟೈರುಗಳಲ್ಲಿ ಮೊಳೆ ಚುಚ್ಚಿದವು ವಾಸಿ. ಬಂದವನಿಗೂ ಗೊತ್ತಾಗುತ್ತದೆ, ನನಗೂ ಗೊತ್ತಾಗುತ್ತದೆ. ಕಾಣದ ತೂತಿನಿಂದ ದಿನಾ ಸ್ವಲ್ಪ ಸ್ವಲ್ಪ ಗಾಳಿ ಹೋಗುವವು ಇವೆಯಲ್ಲ, ಅವೇ ದಾರಿಯಲ್ಲಿ ಕೊಲ್ಲುವುದು. ನಿನ್ನ ತಲೆಯಲ್ಲಿ ಅಂಥದ್ದೇನೋ ಆಗುತ್ತಿದೆ ಎಂದು ನನಗೆ ಭಯ.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. "ಬಿಡು" ಎಂದದ್ದು ನೀನೇ. ನಾನು ಎರಡನೇ ಏಟಿಗೆ ಹತ್ತಿರ ಬಂದಿದ್ದೆ, ಕೈ ಹಿಂದಕ್ಕೆ ಎಳೆದಿದ್ದೆ. ಹೌದು, ಹೊಡೆಯುವವಳೇ ಇದ್ದೆ. ಅಷ್ಟರಲ್ಲಿ ನೀನು ತೊದಲಿಕೊಂಡು, "ಬಿಡಕ್ಕಾ, ತಲೆ ನೋಯ್ತಿದೆ" ಎಂದೆ. ತಲೆ ಬಾಚುವಾಗ ಜಡೆ ಬಿಗಿಯಾದರೆ ಮಕ್ಕಳು ಹೇಳುತ್ತವಲ್ಲ, ಥೇಟ್ ಆ ದನಿ. ನನಗೆ ಮೂವರು ತಂಗಿಯರು. ಮೂವರಿಗೂ ದಿನಾ ಬೆಳಿಗ್ಗೆ ಜಡೆ ಹಾಕಿ ಶಾಲೆಗೆ ಕಳಿಸುತ್ತಿದ್ದವಳು ನಾನು. ಆ ಮಾತು ಕೇಳಿದ ಮೇಲೆ ನನ್ನ ಕೈ ಮುಂದೆ ಹೋಗಲಿಲ್ಲ.

ನಿನಗೆ ಹೇಳಬಾರದು ಎಂದುಕೊಂಡಿದ್ದೆ. ರಿಂಗಿನಲ್ಲಿ ಹಾಗೆ ಬೇಡಿಕೊಂಡೆ ಎಂದು ಗೊತ್ತಾದರೆ ನಿನ್ನಂಥವಳು ಜೀವನವಿಡೀ ಕೊರಗುತ್ತಾಳೆ. ಕೊರಗಿದರೂ ಪರವಾಗಿಲ್ಲ ಈಗ, ಬದುಕಿ ಕೊರಗು. ಆಸ್ಪತ್ರೆಗೆ ಹೋಗು.

ಜಾಕಿ

*

ಫೆಬ್ರವರಿ ೨೧

ಜಾಕಿಯವರಿಗೆ,

ನನಗೆ ಅಕ್ಕ ಇದ್ದಾಳೆ ಎಂದು ನಿಮಗೆ ಯಾರು ಹೇಳಿದರು?

ನಮ್ಮ ಕ್ಲಬ್ಬಿನಲ್ಲಿ ಯಾರಿಗೂ ಗೊತ್ತಿಲ್ಲ, ಕಾರ್ಖಾನೆಯಲ್ಲೂ ಗೊತ್ತಿಲ್ಲ. ನಾನು ಆ ಪದವನ್ನು ಬಾಯಿಂದ ಆಡಿ ನಾಲ್ಕು ವರ್ಷವಾಯಿತು. ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಮೊದಲ ಸಲ ಕಣ್ಣು ಊದಿಸಿಕೊಂಡು ಮನೆಗೆ ಹೋದಾಗ, "ಊರವರ ಕೈಲಿ ಹೊಡೆಸ್ಕೊಳ್ಳಲಿ ಅಂತ ನಿನ್ನ ಸಾಕಿದ್ನಾ? ಆ ರಿಂಗೇ ಬೇಕು ಅಂದ್ರೆ ಈ ಮನೆ ಬೇಡ" ಎಂದಳು. ನಾನು ರಿಂಗ್ ಬೇಕು ಎಂದು ಬಂದವಳು. ಅಂಥವಳು ನಿಮ್ಮ ಎದುರು ನಿಂತು ಅಕ್ಕಾ ಎಂದು ಕರೆದೆನೇ? ನಂಬಬೇಕೇ?

ಈಗ ಎಲ್ಲ ಸರಿಯಾಗಿ ಕೂಡಿಬರುತ್ತಿದೆ. ಅವಳೇ ನಿಮ್ಮನ್ನು ಹುಡುಕಿಕೊಂಡು ಬಂದಿದ್ದಾಳೆ. ಅವಳಿಗೆ ನಾನು ಆಟ ಬಿಡಬೇಕು, ನಿಮಗೆ ನನ್ನ ಜಾಗ ಬೇಕು. ಇಬ್ಬರಿಗೂ ಲಾಭ. ಜಡೆಯ ಕಥೆಯನ್ನೂ ಅವಳೇ ಹೇಳಿಕೊಟ್ಟಿರಬೇಕು. ಅವಳು ಬಿಗಿಯಾಗಿ ಬಾಚುತ್ತಿದ್ದಳು, ನಾನು ಹಾಗೇ ಅನ್ನುತ್ತಿದ್ದೆ, ದಿನಾ ಅನ್ನುತ್ತಿದ್ದೆ.

ಆ ಎರಡು ಪತ್ರ ನೋಡಿದೆ. ಎರಡೂ ನನ್ನ ಅಕ್ಷರವೇ. ಒಂದನ್ನು ಬರೆದದ್ದು ನೆನಪಿದೆ. ಯಾವುದನ್ನು ಎಂದು

ಇಲ್ಲ, ನೀವು ಯಾರಿಂದಲೋ ಬರೆಸಿರಬಹುದು. ಅಕ್ಷರ ಕದಿಯುವವರು ಇದ್ದಾರೆ.

ಪಟಾಕಿ

*

ಫೆಬ್ರವರಿ ೨೫

ಪಟಾಕಿಗೆ,

ನಿನ್ನ ಅಕ್ಕ ಯಾರೋ ನನಗೆ ಗೊತ್ತಿಲ್ಲ. ನೀನು ಕರೆದದ್ದು ನನ್ನನ್ನಲ್ಲ ಎಂದು ಈ ಪತ್ರ ಓದುವವರೆಗೂ ಗೊತ್ತಿರಲಿಲ್ಲ.

ನಾನು ಏನು ಹೇಳಿದರೂ ನೀನು ಅದರ ಹಿಂದೆ ನನಗೇನು ಲಾಭ ಎಂದು ಹುಡುಕುತ್ತೀಯ. ತಪ್ಪು ನಿನ್ನದಲ್ಲ. ಲಾಭ ಇದ್ದದ್ದು ನಿಜವೇ. ಹಾಗಾಗಿ ನಿನ್ನೆ ತಂಡ ಆರಿಸುವ ಬಾಕ್ಸಿಂಗ್ ಸಂಸ್ಥೆಯವರಿಗೆ ಬರೆದುಕೊಟ್ಟು ಬಂದೆ. ರಿಸರ್ವ್ ಜಾಗದಿಂದ ನನ್ನ ಹೆಸರು ತೆಗೆಸಿದೆ. ಇನ್ನು ನೀನು ಹೋಗದಿದ್ದರೆ ಮೂರನೇ ಸ್ಥಾನದ ಹುಡುಗಿ ಹೋಗುತ್ತಾಳೆ. ಮುಂದೆ ನಾನು ಬಯಸಿದರೂ ಸೇರಿಸಿಕೊಳ್ಳುವುದಿಲ್ಲ. ನನ್ನ ಮಾತು ನಂಬಬೇಡ, ನೀನೇ ಫೋನ್ ಮಾಡಿ ಕೇಳು.

ಬಂದು ಅಂಗಡಿಯ ಹಿಂದೆ ಕೂತು ಅತ್ತೆ. ಮಾವನವರು ಬಂದ ಗಿರಾಕಿಯನ್ನು "ಇವತ್ತು ಗಾಳಿ ಇಲ್ಲ, ಹೋಗಪ್ಪ" ಎಂದು ಕಳಿಸಿಬಿಟ್ಟರು.

ಈಗ ನೀನು ಹೋದರೂ ನನಗೆ ಅಷ್ಟೇ, ಉಳಿದರೂ ಅಷ್ಟೇ. ನಿನ್ನ ತಲೆಗೆ ಆ ಏಟು ಹಾಕಿದವಳು ನಾನೇ, ಅದು ಮಾತ್ರ ನನ್ನ ಪಾಲಿಗೆ ಉಳಿದಿದೆ. ಆ ಒಂದು ಹಕ್ಕಿನಿಂದ ಕೊನೆಯ ಸಲ ಹೇಳುತ್ತೇನೆ. ಈ ಪತ್ರ ಮಡಿಸಿಟ್ಟು ಆಸ್ಪತ್ರೆಗೆ ಹೋಗು. ಇವತ್ತೇ ಹೋಗು.

ಜಾಕಿ

*

ಮಾರ್ಚ್ ೧೪

ಜಾಕಿಯಕ್ಕನಿಗೆ,

ಇದು ನನ್ನ ಅಕ್ಷರವಲ್ಲ, ಗಾಬರಿಯಾಗಬೇಡಿ. ನಾನು ಮಲಗಿಕೊಂಡು ಹೇಳುತ್ತಿದ್ದೇನೆ, ನಮ್ಮಕ್ಕ ಬರೆಯುತ್ತಿದ್ದಾಳೆ. ಅವಳು ಟೀಚರು. ನಾನು ಹೇಳಿದ ಬೈಗುಳಗಳನ್ನೆಲ್ಲ ಬಿಟ್ಟು ಬರೆಯುತ್ತಿದ್ದಾಳೆ. ಬಿಟ್ಟ ಜಾಗದಲ್ಲಿ ನೀವೇ ಸೇರಿಸಿಕೊಂಡು ಓದಿ.

ನಿಮ್ಮ ಪತ್ರ ಬಂದ ದಿನ ಸಂಸ್ಥೆಗೆ ಫೋನ್ ಮಾಡಿದೆ. ಹೆಸರು ತೆಗೆಸಿದ್ದು ನಿಜ ಎಂದರು. ನನಗೆ ಸಿಟ್ಟು ಬಂತು. ಸುಮ್ಮನೆ ಯಾರು ಹೀಗೆ ಮಾಡುತ್ತಾರೆ? ಇದರಲ್ಲೂ ಏನೋ ಇದೆ ಎಂದು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಯೋಚಿಸಿದೆ. ಮೂರನೆಯವಳು ನಿಮ್ಮ ನೆಂಟರ ಹುಡುಗಿಯೇ, ಕೋಚ್ ನಿಮ್ಮ ಕಡೆಯವರೇ ಎಂದೆಲ್ಲ ಹುಡುಕಿದೆ. ಯಾವುದೂ ಕೂಡಿಬರಲಿಲ್ಲ. ಅನುಮಾನ ಪಡಲು ಏನೂ ಉಳಿಯಲಿಲ್ಲ, ಅದಕ್ಕೇ ಆಸ್ಪತ್ರೆಗೆ ಹೋದೆ.

ತಲೆಬುರುಡೆಯ ಒಳಗೆ ರಕ್ತ ಸ್ವಲ್ಪ ಸ್ವಲ್ಪವೇ ಜಿನುಗಿ ನಿಂತಿತ್ತಂತೆ. ಹಾಗೇ ಆಡಲು ಹೋಗಿದ್ದರೆ ಇನ್ನೊಂದು ಏಟು ಸಾಕಾಗುತ್ತಿತ್ತಂತೆ, ಗ್ಲೌಸಿನ ಸಣ್ಣ ಏಟು ಕೂಡ. ಆಪರೇಷನ್ ಮಾಡಬೇಕು, ಮನೆಯವರು ಯಾರಾದರೂ ಸಹಿ ಹಾಕಬೇಕು, ಫೋನ್ ನಂಬರ್ ಕೊಡಿ ಎಂದರು. ನನಗೆ ಬಾಯಿಪಾಠ ಇದ್ದದ್ದು ಒಂದೇ ನಂಬರು. ಅಕ್ಕ ಬಂದಳು. ಒಂದು ಮಾತೂ ಬೈಯಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು.

ರಕ್ತ ತೆಗೆದರು. ಬದುಕಿದ್ದೇನೆ. ಆದರೆ ಇನ್ನು ಯಾವತ್ತೂ ರಿಂಗ್ ಹತ್ತುವ ಹಾಗಿಲ್ಲ, ಯಾವತ್ತೂ. ಇದನ್ನು ಹೇಳುವಾಗ ಅಳು ಬರುತ್ತಿದೆ. ಮೂರನೆಯವಳು ನಾಡಿದ್ದು ಹೊರಡುತ್ತಾಳೆ. ನಮ್ಮಿಬ್ಬರ ಜಾಗವೂ ಅವಳಿಗೆ ಹೋಯಿತು. ನಿಮ್ಮ ಮೇಲೆ ನನಗೆ ಸಿಟ್ಟಿದೆ ಜಾಕಿಯಕ್ಕಾ. ಅವತ್ತು ಹೊಡೆದದ್ದಕ್ಕೆ ಸಿಟ್ಟು, ಹೊಡೆಯದೆ ನಿಂತದ್ದಕ್ಕೂ ಸಿಟ್ಟು. ಹೋಗುತ್ತದೆ, ಸ್ವಲ್ಪ ದಿನ ಕೊಡಿ.

ಪಟಾಕಿ

ಮೇಲಿನದು ಅವಳು ಹೇಳಿದ್ದು. ಅವಳಿಗೆ ನಿದ್ದೆ ಬಂದಿದೆ, ಇನ್ನು ಮುಂದಿನದು ನನ್ನದು.

ನಿಮ್ಮನ್ನು ನಂಬಬೇಕೋ ಬೇಡವೋ ನನಗಿನ್ನೂ ತಿಳಿಯುತ್ತಿಲ್ಲ. ಬೀಳದ ಹಾಗೆ ಹಿಡಿದುಕೊಂಡದ್ದು ಯಾರು ಎಂದು ಕೇಳಿದರೆ ನೀವು ಎನ್ನುತ್ತಾಳೆ. ಈ ಗತಿಗೆ ತಂದದ್ದು ಯಾರು ಎಂದು ಕೇಳಿದರೆ ಅದೂ ನೀವೇ. ಅವಳ ಆಟದ ನ್ಯಾಯ ನನಗೆ ಅರ್ಥವಾಗುವುದಿಲ್ಲ. ಅವಳನ್ನು ಒಳಗೆ ಕರೆದುಕೊಂಡು ಹೋದಾಗ ನಾನು ಬಾಗಿಲ ಹೊರಗೆ ಕೂತು, ನನ್ನ ತಂಗಿಯನ್ನು ಹೊಡೆದ ಕೈ ಸೇದಿಹೋಗಲಿ ಎಂದು ಬಾಯಿತುಂಬ ಶಾಪ ಹಾಕಿದೆ. ಎರಡು ದಿನ ಬಿಟ್ಟು ಎಚ್ಚರವಾಗಿ ಅವಳು ಎಲ್ಲವನ್ನೂ ಹೇಳಿದಳು. ಹಾಕಿದ ಶಾಪವನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ನನಗೆ ಯಾರೂ ಕಲಿಸಿಲ್ಲ. ಪತ್ರದಲ್ಲಿ ಆಗುವ ಕೆಲಸ ಅದಲ್ಲ.

ಭಾನುವಾರ ಬನ್ನಿ. ನಿಮ್ಮ ಕೈ ಚೆನ್ನಾಗಿದೆಯೇ ಎಂದು ನಾನು ಕಣ್ಣಾರೆ ನೋಡಬೇಕು.